ಟಿಬಿ ಮಾತ್ರೆ ಮೊದಲು, ಎಚ್‌ಐವಿ ಮಾತ್ರೆ ಆಮೇಲೆ: ವಾರ್ಡಿನಲ್ಲಿ ಈ ಕ್ರಮ ಏಕೆ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಊರಿನಲ್ಲೇ ಕಿರಾಣಿ ಅಂಗಡಿ ನಡೆಸುತ್ತಾನೆ. ಎರಡು ತಿಂಗಳಿಂದ ಜ್ವರ, ಕೆಮ್ಮು ಇದ್ದು, ತೂಕ ತುಂಬಾ ಇಳಿದಿದ್ದರಿಂದ ಜಿಲ್ಲಾಸ್ಪತ್ರೆಗೆ ಸೇರಿಸಿದೆವು. ಅಲ್ಲಿ ರಕ್ತ ಪರೀಕ್ಷೆ ಮಾಡಿ ಎಚ್‌ಐವಿ ಇದೆ ಎಂದರು. ಸಿಡಿ4 ಎಣಿಕೆ 62 ಎಂದು ಚೀಟಿಯಲ್ಲಿ ಬರೆದಿದ್ದಾರೆ. ಟಿಬಿ ಇದೆ ಎಂದು ಅದರ ಮಾತ್ರೆಗಳನ್ನು ಆರು ದಿನಗಳಿಂದ ಕೊಡುತ್ತಿದ್ದಾರೆ. ನಾಲಿಗೆ ಬೆಳ್ಳಗಾಗಿದ್ದು ಅನ್ನ ನುಂಗಲು ಕಷ್ಟಪಡುತ್ತಾನೆ. ಒಂದು ವಾರದಿಂದ ತಲೆನೋವು ಎನ್ನುತ್ತಾನೆ. ಎಚ್‌ಐವಿ ಮಾತ್ರೆಯನ್ನು ಎರಡು ವಾರ ಬಿಟ್ಟು ಕೊಡುತ್ತೇವೆ ಎಂದಿದ್ದಾರೆ. ಮೂಲ ಕಾಯಿಲೆಗೇ ಔಷಧ ಕೊಡದೆ ಕಾಯಿಸುವುದು ಸರಿಯೇ ಡಾಕ್ಟರೇ? ಒಬ್ಬನಿಗೇ ಒಂದೇ ಸಲ ಇಷ್ಟೊಂದು ಕಾಯಿಲೆಗಳು ಹೇಗೆ ಬಂದವು? ವಾರ್ಡಿನಲ್ಲಿ ಅವನ ಜೊತೆ ನಾನು ಮತ್ತು ಅವನ ಹೆಂಡತಿ ಸರದಿಯಲ್ಲಿ ಇರುತ್ತೇವೆ, ಅವರಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ನಮಗೇನಾದರೂ ಅಪಾಯವಿದೆಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಕ್ಷಯಕ್ಕೆ ಚಿಕಿತ್ಸೆ ಆರಂಭಿಸಿ, ಆ ಮಾತ್ರೆಗಳು ರೋಗಿಯ ದೇಹಕ್ಕೆ ಒಗ್ಗುತ್ತಿವೆಯೇ ಎಂದು ನೋಡಿಕೊಂಡು, ಸುಮಾರು ಎರಡು ವಾರಗಳೊಳಗೆ ಎಚ್‌ಐವಿ ಔಷಧವನ್ನು ಆರಂಭಿಸುವುದು ನಿರ್ಲಕ್ಷ್ಯವಲ್ಲ. ಇಂಥ ರೋಗಿಗೆ ಚಿಕಿತ್ಸೆಯ ಕ್ರಮವೇ ಅದು. ಯಾವುದನ್ನು ಮೊದಲು ಕೊಡಬೇಕು, ಯಾವುದನ್ನು ತಡೆದು ಕೊಡಬೇಕು ಎಂಬುದರ ಮೇಲೆ ಜೀವ ಉಳಿಯುವುದು ಬಹುಮಟ್ಟಿಗೆ ನಿಂತಿದೆ. ಆದರೆ ನಿಮ್ಮ ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿರುವ ತಲೆನೋವು ಮಿಕ್ಕೆಲ್ಲಕ್ಕಿಂತ ಹೆಚ್ಚಾಗಿ ನನ್ನ ಗಮನ ಸೆಳೆದಿದೆ. ಸಿಡಿ4 ಎಣಿಕೆ, ಅಂದರೆ ರೋಗಾಣುಗಳನ್ನು ತಡೆಯುವ ಒಂದು ಬಗೆಯ ಬಿಳಿ ರಕ್ತಕಣಗಳ ಲೆಕ್ಕ, 62 ಇರುವ ವ್ಯಕ್ತಿಗೆ ಒಂದು ವಾರದಿಂದ ತಲೆನೋವು ಇದೆಯೆಂದರೆ ಅದನ್ನು ನಿಶ್ಶಕ್ತಿಯದೆಂದೋ ಜ್ವರದ್ದೆಂದೋ ಬಿಡುವಂತಿಲ್ಲ. ವಾರ್ಡಿನ ವೈದ್ಯರಿಗೆ ಇದು ಗೊತ್ತಿಲ್ಲದೆ ಇರಬಹುದು. ಬೆಳಗಿನ ರೌಂಡ್ಸ್ ಹೊತ್ತಿಗೆ ರೋಗಿ ಅರೆನಿದ್ದೆಯಲ್ಲಿದ್ದು ಏನನ್ನೂ ಹೇಳದೆ ಹೋಗುವುದು ತುಂಬಾ ಸಾಮಾನ್ಯ. ಹಾಗಾಗಿ ಈ ಉತ್ತರದ ಉಳಿದ ಭಾಗವನ್ನು ಓದುವ ಮೊದಲೇ, ತಲೆನೋವು ಎಷ್ಟು ದಿನದಿಂದ ಇದೆ, ವಾಂತಿ ಇದೆಯೇ, ದೃಷ್ಟಿ ಮಂಜಾಗಿದೆಯೇ, ಮಾತು ಅಥವಾ ನಡವಳಿಕೆ ಬದಲಾಗಿದೆಯೇ ಎಂಬುದನ್ನು ಕರ್ತವ್ಯದಲ್ಲಿರುವ ವೈದ್ಯರಿಗೆ ನೀವೇ ಹೋಗಿ ತಿಳಿಸಿ.

ಇನ್ನು, ಒಬ್ಬನಿಗೇ ಇಷ್ಟೊಂದು ಕಾಯಿಲೆಗಳು ಹೇಗೆ ಎಂಬ ಪ್ರಶ್ನೆ. ನಿಮ್ಮ ತಮ್ಮನ ದೇಹಕ್ಕೆ ಈ ಎರಡು ತಿಂಗಳಲ್ಲಿ ಹತ್ತಾರು ರೋಗಾಣುಗಳು ಹೊಸದಾಗಿ ಹೊಕ್ಕಿವೆ ಎಂದಲ್ಲ. ಅವುಗಳಲ್ಲಿ ಹೆಚ್ಚಿನವು ಎಷ್ಟೋ ವರ್ಷಗಳಿಂದ ಅವರ ದೇಹದಲ್ಲೇ ಅಡಗಿದ್ದವು. ನಮ್ಮ ದೇಶದಲ್ಲಿ ಬೆಳೆದ ಬಹಳಷ್ಟು ಜನರ ಶ್ವಾಸಕೋಶದಲ್ಲಿ ಕ್ಷಯದ ರೋಗಾಣು ಸುಪ್ತವಾಗಿ ಇದ್ದೇ ಇರುತ್ತದೆ. ಬಾಯಿ ಮತ್ತು ಕರುಳಿನಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬಹಳಷ್ಟು ಜನರಲ್ಲಿ ಇರುವಂಥದ್ದು. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ, ಸೈಟೊಮೆಗಾಲೊ ವೈರಸ್, ಸರ್ಪಸುತ್ತಿಗೆ ಕಾರಣವಾಗುವ ಚಿಕನ್‌ಪಾಕ್ಸ್ ವೈರಸ್ ಇವೆಲ್ಲ ಒಮ್ಮೆ ಒಳಗೆ ಬಂದರೆ ಜೀವನಪೂರ್ತಿ ಅಲ್ಲೇ ಉಳಿಯುವ ಜಾತಿಯವು. ಇವುಗಳನ್ನು ಹದ್ದುಬಸ್ತಿನಲ್ಲಿಡುವ ಕೆಲಸದಲ್ಲಿ ಸಿಡಿ4 ಎಂಬ ಬಿಳಿ ರಕ್ತಕಣಗಳ ಪಾತ್ರ ದೊಡ್ಡದು. ಆರೋಗ್ಯವಂತ ವಯಸ್ಕರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 500ರಿಂದ 1,500ರವರೆಗೆ ಇರುತ್ತವೆ. ಎಚ್‌ಐವಿ ಹಿಡಿದು ಕೂರುವುದು ಈ ಕಣಗಳನ್ನೇ. ಚಿಕಿತ್ಸೆ ಇಲ್ಲದೆ ಎಂಟು ಹತ್ತು ವರ್ಷ ಕಳೆದರೆ ಎಣಿಕೆ ಇಷ್ಟು ಕೆಳಕ್ಕೆ ಬರುವುದು ಸಹಜ. ಆ ಅವಧಿಯ ಹೆಚ್ಚಿನ ಭಾಗದಲ್ಲಿ ಮನುಷ್ಯ ಅಂಗಡಿ ನಡೆಸಿಕೊಂಡು, ಮದುವೆ ಮಾಡಿಕೊಂಡು, ಎಲ್ಲರಂತೆ ಇರುತ್ತಾನೆ. ಎಣಿಕೆ 200ಕ್ಕಿಂತ ಕೆಳಗೆ ಇಳಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಮುಂದುವರಿದ ಎಚ್‌ಐವಿ ಕಾಯಿಲೆ ಎಂದು ಕರೆಯುತ್ತದೆ.

ಸಿಡಿ4 ಎಣಿಕೆಯನ್ನು ಚೀಟಿಯಲ್ಲಿ ಬರೆದು ಮರೆಯಬಾರದು ಎನ್ನುವುದಕ್ಕೆ ಕಾರಣವಿದೆ. ಯಾವ ಸೋಂಕನ್ನು ಹುಡುಕಬೇಕು ಎಂಬುದನ್ನು ಆ ಅಂಕಿಯೇ ಹೇಳುತ್ತದೆ. ಕ್ಷಯ, ಸಾಮಾನ್ಯ ನ್ಯುಮೋನಿಯಾ, ಸರ್ಪಸುತ್ತು ಇವು ಎಣಿಕೆ 400 ಅಥವಾ 500 ಇರುವಾಗಲೂ ಬರಬಲ್ಲವು. ಎಣಿಕೆ 200ಕ್ಕಿಂತ ಕಡಿಮೆಯಾದ ಮೇಲೆ ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಬರುವ ನ್ಯುಮೋನಿಯಾ ಕಾಣಿಸಿಕೊಳ್ಳುತ್ತದೆ. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ಬಗ್ಗೆ ಬಂದ ವರದಿ ಇದೇ ನ್ಯುಮೋನಿಯಾದ್ದು. ಏಡ್ಸ್ ಎಂಬುದು ವೈದ್ಯಲೋಕದ ಕಣ್ಣಿಗೆ ಮೊದಲು ಬಿದ್ದದ್ದು ಒಂದು ಅವಕಾಶವಾದಿ ಸೋಂಕಿನ, ಅಂದರೆ ರೋಗನಿರೋಧಕ ಶಕ್ತಿ ಕುಗ್ಗಿದಾಗ ತಲೆಯೆತ್ತುವ ಸೋಂಕಿನ, ರೂಪದಲ್ಲಿ, ವೈರಸ್ ಪತ್ತೆಯಾದದ್ದು ಆಮೇಲೆ. ಎಣಿಕೆ 100ಕ್ಕಿಂತ ಕೆಳಗೆ ಹೋದಾಗ ಮಿದುಳಿನ ಸೋಂಕುಗಳು, ಮುಖ್ಯವಾಗಿ ಕ್ರಿಪ್ಟೊಕಾಕಸ್ ಮತ್ತು ಟಾಕ್ಸೊಪ್ಲಾಸ್ಮಾ, ತಲೆಯೆತ್ತುತ್ತವೆ. 50ಕ್ಕಿಂತ ಕೆಳಗೆ ಸೈಟೊಮೆಗಾಲೊ ವೈರಸ್ ಕಣ್ಣಿನ ಒಳಪರದೆಯನ್ನು ಕೆಡಿಸುತ್ತದೆ. ನಿಮ್ಮ ತಮ್ಮನ 62 ಎಂಬ ಅಂಕಿ ಇವುಗಳಲ್ಲಿ ಬಹುಪಾಲು ಸೋಂಕುಗಳಿಗೆ ಬಾಗಿಲು ತೆರೆದಿರುವ ಮಟ್ಟ. ಇಂಥವರಲ್ಲಿ ಒಂದು ಕಾಯಿಲೆ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು. ಮಿಕ್ಕ ರೋಗಿಗಳಲ್ಲಿ ಎಲ್ಲ ಲಕ್ಷಣಗಳಿಗೂ ಒಂದೇ ಕಾರಣ ಹುಡುಕುವುದು ವೈದ್ಯರ ರೂಢಿ. ಸಿಡಿ4 ಇಷ್ಟು ಕಡಿಮೆ ಇರುವ ರೋಗಿಯ ಮುಂದೆ ಆ ರೂಢಿ ಕೈಕೊಡುತ್ತದೆ.

ಈಗ ಕ್ಷಯದ ವಿಷಯ. ಭಾರತದಲ್ಲಿ ಎಚ್‌ಐವಿ ಇರುವವರನ್ನು ಆಸ್ಪತ್ರೆಗೆ ತರುವ ಮತ್ತು ಬಲಿ ತೆಗೆದುಕೊಳ್ಳುವ ಸೋಂಕುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ತೊಂದರೆಯೇನೆಂದರೆ, ಸಿಡಿ4 ಕಡಿಮೆಯಾದಷ್ಟೂ ಕ್ಷಯ ತನ್ನ ಪರಿಚಿತ ಮುಖವನ್ನು ಬಿಟ್ಟುಕೊಡುತ್ತದೆ. ಶ್ವಾಸಕೋಶದಲ್ಲಿ ಗೂಡು ಕಟ್ಟಿ, ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬದಲು ಅದು ರಕ್ತದ ಮೂಲಕ ಯಕೃತ್ತು, ಗುಲ್ಮ, ದುಗ್ಧಗ್ರಂಥಿ, ಮಿದುಳಿನ ಪೊರೆ ಎಲ್ಲೆಡೆ ಹರಡುತ್ತದೆ. ಕಫದಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆ ಇರುವುದರಿಂದ ಸೂಕ್ಷ್ಮದರ್ಶಕದಲ್ಲಿ ನೋಡುವ ಕಫ ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದೇ ಬರಬಹುದು. ಎಕ್ಸ್‌ರೇ ಸಹ ಕೆಲವೊಮ್ಮೆ ಚೆನ್ನಾಗಿಯೇ ಕಾಣುತ್ತದೆ. ಅದಕ್ಕಾಗಿಯೇ ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದ ಪರೀಕ್ಷೆಗೆ ಆದ್ಯತೆ. ರೋಗಾಣುವಿನ ವಂಶವಾಹಿಯನ್ನೇ ಗುರುತಿಸುವ ಈ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಫಲಿತಾಂಶ ಕೊಡುತ್ತದೆ, ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗುವುದೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ನಿಮ್ಮ ತಮ್ಮನಿಗೆ ಕ್ಷಯವಿದೆ ಎಂದು ತೀರ್ಮಾನಿಸಿದ್ದು ಈ ಪರೀಕ್ಷೆಯಿಂದಲೋ, ಲಕ್ಷಣಗಳನ್ನು ನೋಡಿ ಮಾಡಿದ ಊಹೆಯಿಂದಲೋ ಎಂದು ವೈದ್ಯರನ್ನು ಕೇಳಿ. ಊಹೆಯಿಂದ ಆರಂಭಿಸಿದ್ದರೂ ಅದು ತಪ್ಪಲ್ಲ, ಇಂಥ ರೋಗಿಗೆ ಕಾಯುವ ವ್ಯವಧಾನ ಇರುವುದಿಲ್ಲ. ಆದರೆ ಊಹೆಯಾಗಿದ್ದರೆ, ಒಂದೆರಡು ವಾರಗಳಲ್ಲಿ ಜ್ವರ ಇಳಿಯದಿದ್ದಾಗ ಇನ್ನೊಂದು ರೋಗವನ್ನೋ ಔಷಧ ನಿರೋಧಕ ಕ್ಷಯವನ್ನೋ ಶಂಕಿಸಬೇಕಾಗುತ್ತದೆ.

ಕಫ ಬಾರದ, ಎದ್ದು ಕೂರಲಾಗದ ರೋಗಿಗಳಿಗೆ ಇನ್ನೊಂದು ದಾರಿ ಇದೆ. ಕ್ಷಯದ ರೋಗಾಣುವಿನ ಹೊರಕವಚದ ಒಂದು ಅಂಶ ಮೂತ್ರದಲ್ಲಿ ಇಳಿದುಬರುತ್ತದೆ. ಅದನ್ನು ಕಾಗದದ ಪಟ್ಟಿಯೊಂದರ ಮೇಲೆ ಅರ್ಧ ಗಂಟೆಯೊಳಗೆ ಪತ್ತೆ ಮಾಡಬಹುದು. ಲ್ಯಾಮ್ ಎಂದು ಕರೆಯುವ ಈ ಪರೀಕ್ಷೆ ಸಿಡಿ4 ಕಡಿಮೆ ಇದ್ದಷ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನುವುದು ವಿಶೇಷ. ದಕ್ಷಿಣ ಆಫ್ರಿಕಾ, ತಾಂಜಾನಿಯಾ, ಜಾಂಬಿಯಾ ಮತ್ತು ಜಿಂಬಾಬ್ವೆಯ ಹತ್ತು ಆಸ್ಪತ್ರೆಗಳ ಒಳರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂದಿನ ಪರೀಕ್ಷೆಗಳ ಜೊತೆಗೆ ಇದನ್ನೂ ಮಾಡಿದ ಗುಂಪಿನಲ್ಲಿ ಎಂಟು ವಾರಗಳೊಳಗಿನ ಸಾವು ಶೇ 25ರಿಂದ ಶೇ 21ಕ್ಕೆ ಇಳಿಯಿತು. ಹೊಸ ಔಷಧವಿಲ್ಲದೆ, ಕೇವಲ ಬೇಗ ಗುರುತಿಸಿದ್ದರಿಂದ ಆದ ಲಾಭ ಇದು. ನಮ್ಮಲ್ಲಿ ಈ ಪಟ್ಟಿ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಸಿಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ತಲೆನೋವಿಗೆ ಮರಳುತ್ತೇನೆ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಮಣ್ಣಿನಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ ಇರುತ್ತದೆ. ಉಸಿರಿನ ಮೂಲಕ ನಮ್ಮೆಲ್ಲರ ಒಳಗೂ ಹೋಗಿರಬಹುದಾದ ಇದು ಸಿಡಿ4 ನೂರಕ್ಕಿಂತ ಕೆಳಗಿಳಿದಾಗ ರಕ್ತಕ್ಕೆ ಸೇರಿ ಮಿದುಳಿನ ಪೊರೆಯನ್ನು ತಲುಪುತ್ತದೆ. ಸಾಮಾನ್ಯ ಮೆದುಳು ಜ್ವರದಂತೆ ಒಂದೆರಡು ದಿನಗಳಲ್ಲಿ ಪ್ರಜ್ಞೆ ತಪ್ಪಿಸುವ ರಭಸ ಇದಕ್ಕಿಲ್ಲ. ವಾರಗಟ್ಟಲೆ ಬರಿಯ ತಲೆನೋವು, ಆಗಾಗ ಜ್ವರ, ಸ್ವಲ್ಪ ವಾಂತಿ, ಅಷ್ಟೆ. ಕುತ್ತಿಗೆ ಬಿಗಿತವೂ ಅನೇಕರಲ್ಲಿ ಇರುವುದಿಲ್ಲ. ಹಾಗಾಗಿ ನೋವಿನ ಮಾತ್ರೆಯಲ್ಲಿ ದಿನ ಕಳೆದು, ಕಣ್ಣು ಮಂಜಾದ ಮೇಲೆ ಅಥವಾ ಮಂಪರು ಕವಿದ ಮೇಲೆ ರೋಗ ತಿಳಿಯುವ ಉದಾಹರಣೆಗಳು ಹೆಚ್ಚು. ಇದನ್ನು ಬೇಗ ಹಿಡಿಯುವುದು ಕಷ್ಟವೇನಲ್ಲ. ಬೆರಳಿನಿಂದ ತೆಗೆದ ಒಂದು ಹನಿ ರಕ್ತದಲ್ಲಿ ಈ ಶಿಲೀಂಧ್ರದ ಪ್ರತಿಜನಕ ಎಂಬ ಗುರುತಿನ ಅಂಶವನ್ನು ಹತ್ತು ನಿಮಿಷಗಳಲ್ಲಿ ಕಂಡುಹಿಡಿಯುವ ಪಟ್ಟಿ ಇದೆ. ಅದು ತಲೆನೋವು ಶುರುವಾಗುವ ವಾರಗಳ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಸಿಡಿ4 ನೂರಕ್ಕಿಂತ ಕಡಿಮೆ ಇರುವ ಪ್ರತಿಯೊಬ್ಬರಿಗೂ, ಲಕ್ಷಣಗಳಿಲ್ಲದಿದ್ದರೂ, ಎಚ್‌ಐವಿ ಔಷಧ ಕೊಡುವ ಮೊದಲು ಈ ಪರೀಕ್ಷೆ ಆಗಬೇಕು. ನಿಮ್ಮ ತಮ್ಮನಿಗೆ ಆಗಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಅದು ಇದೆ ಎಂದು ಬಂದರೆ ಅಥವಾ ತಲೆನೋವು ಮುಂದುವರಿದರೆ ಬೆನ್ನಿನಿಂದ ನೀರು ತೆಗೆದು ನೋಡಬೇಕಾಗುತ್ತದೆ. ಇಲ್ಲಿ ನಿಮ್ಮ ಪಾತ್ರ ದೊಡ್ಡದು. ಬೆನ್ನಿಗೆ ಸೂಜಿ ಹಾಕಿದರೆ ಸೊಂಟ ಬಿದ್ದುಹೋಗುತ್ತದೆ, ಮನುಷ್ಯ ಮತ್ತೆ ಏಳುವುದಿಲ್ಲ ಎಂಬ ಮಾತು ನಮ್ಮ ಊರುಗಳಲ್ಲಿ ಬಲವಾಗಿ ಬೇರೂರಿದೆ. ಸಹಿ ಹಾಕಲು ಒಪ್ಪದೆ ರೋಗಿಯನ್ನು ಮನೆಗೆ ಕರೆದೊಯ್ದ ಕುಟುಂಬಗಳುಂಟು. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಸೊಂಟದ ಕೆಳಭಾಗದಲ್ಲಿ ಸೂಜಿ ಹಾಕುವುದರಿಂದ ಹುರಿಗೆ ಪೆಟ್ಟಾಗುವ ಪ್ರಶ್ನೆ ಬರುವುದಿಲ್ಲ. ಫಿಟ್ಸ್, ಒಂದು ಕೈಕಾಲಿನ ದುರ್ಬಲತೆ ಅಥವಾ ಪ್ರಜ್ಞೆಯಲ್ಲಿ ಏರುಪೇರು ಇದ್ದರೆ ಮಾತ್ರ ಮೊದಲು ತಲೆಯ ಸ್ಕ್ಯಾನ್ ಮಾಡಿಸುತ್ತಾರೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈ ರೋಗದಲ್ಲಿ ನೀರು ತೆಗೆಯುವುದು ಪರೀಕ್ಷೆಯಷ್ಟೇ ಆಗಿರದೆ ಚಿಕಿತ್ಸೆಯೂ ಆಗಿದೆ. ಮಿದುಳಿನ ಸುತ್ತಲಿನ ದ್ರವದ ಹರಿವನ್ನು ಶಿಲೀಂಧ್ರ ಕಟ್ಟಿಹಾಕುವುದರಿಂದ ತಲೆಬುರುಡೆಯೊಳಗೆ ಒತ್ತಡ ಏರುತ್ತದೆ. ಕುರುಡುತನ, ಕಿವುಡುತನ, ಸಾವು ಇವುಗಳಿಗೆ ಬಹುಪಾಲು ಆ ಒತ್ತಡವೇ ಕಾರಣ. ಆದ್ದರಿಂದ ಒತ್ತಡ ಇಳಿಯುವವರೆಗೆ ಪ್ರತಿದಿನ ನೀರು ತೆಗೆಯಬೇಕಾಗಿ ಬರಬಹುದು. ನಿನ್ನೆ ತಾನೇ ತೆಗೆದರಲ್ಲ, ಇವತ್ತೇಕೆ ಮತ್ತೆ ಎಂದು ವೈದ್ಯರೊಡನೆ ವಾದಕ್ಕಿಳಿಯಬೇಡಿ. ನೀರು ತೆಗೆದ ಕೆಲವೇ ನಿಮಿಷಗಳಲ್ಲಿ ತಲೆನೋವು ಹಗುರವಾಯಿತು ಎಂದು ರೋಗಿಯೇ ಹೇಳುವುದನ್ನು ನೀವು ಕೇಳಬಹುದು.

ಔಷಧದ ವಿಷಯದಲ್ಲಿ ಇತ್ತೀಚೆಗೆ ಒಂದು ಒಳ್ಳೆಯ ಬದಲಾವಣೆಯಾಗಿದೆ. ಮೊದಲು ಆಂಫೊಟೆರಿಸಿನ್ ಎಂಬ ಔಷಧವನ್ನು ಒಂದರಿಂದ ಎರಡು ವಾರ ಪ್ರತಿದಿನ ನರದ ಮೂಲಕ ಹನಿಸಬೇಕಿತ್ತು. ಅದು ಮೂತ್ರಪಿಂಡಕ್ಕೆ ಭಾರ, ಪೊಟ್ಯಾಸಿಯಂ ಕುಸಿತ, ನಡುಕದ ಜ್ವರ ಎಲ್ಲವನ್ನೂ ತರುತ್ತಿತ್ತು. ಆಫ್ರಿಕಾದ ಐದು ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು, ಕೊಬ್ಬಿನ ಕಣಗಳಲ್ಲಿ ಸೇರಿಸಿದ ಲೈಪೊಸೋಮಲ್ ಆಂಫೊಟೆರಿಸಿನ್ನನ್ನು ಒಂದೇ ಬಾರಿ ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಜೊತೆಗೆ ಎರಡು ವಾರ ಫ್ಲೂಸೈಟೊಸಿನ್ ಮತ್ತು ಫ್ಲುಕೊನಜೋಲ್ ಮಾತ್ರೆಗಳನ್ನು ಕೊಟ್ಟರೂ ಫಲಿತಾಂಶ ಕಡಿಮೆಯಿಲ್ಲ, ಅಡ್ಡ ಪರಿಣಾಮ ಮಾತ್ರ ಕಡಿಮೆ ಎಂದು ತೋರಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಫ್ಲೂಸೈಟೊಸಿನ್ ನಮ್ಮಲ್ಲಿ ಸುಲಭವಾಗಿ ಸಿಗದ ಔಷಧವಾದ್ದರಿಂದ ಅನೇಕ ಆಸ್ಪತ್ರೆಗಳು ಆಂಫೊಟೆರಿಸಿನ್ ಜೊತೆ ಹೆಚ್ಚಿನ ಪ್ರಮಾಣದ ಫ್ಲುಕೊನಜೋಲ್ ಬಳಸುತ್ತವೆ. ಬಾಯಿಯ ಬಿಳಿ ಪದರಕ್ಕೆ ಕೊಡುವ ಫ್ಲುಕೊನಜೋಲ್ ಸಹ ಇದೇ ಔಷಧ. ಆದರೆ ಆ ಪ್ರಮಾಣ ಮಿದುಳಿನ ಸೋಂಕಿಗೆ ಏನೇನೂ ಸಾಲದು ಎಂಬುದನ್ನು ಗಮನದಲ್ಲಿಡಿ.

ಈಗ ನಿಮ್ಮ ಮೂಲ ಪ್ರಶ್ನೆಯಾದ ಎಚ್‌ಐವಿ ಔಷಧದ ವಿಳಂಬವನ್ನು ನೋಡೋಣ. ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಕ್ರಿಪ್ಟೊಕಾಕಸ್ ಮೆದುಳು ಜ್ವರವಿದ್ದ 177 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದೆರಡು ವಾರಗಳೊಳಗೆ, ಇನ್ನೊಂದಕ್ಕೆ ಸುಮಾರು ಐದು ವಾರಗಳ ನಂತರ ಎಚ್‌ಐವಿ ಔಷಧ ಆರಂಭಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆರು ತಿಂಗಳಲ್ಲಿ ಬೇಗ ಆರಂಭಿಸಿದವರಲ್ಲಿ ಶೇ 45ರಷ್ಟು, ತಡವಾಗಿ ಆರಂಭಿಸಿದವರಲ್ಲಿ ಶೇ 30ರಷ್ಟು ಜನ ತೀರಿಕೊಂಡರು. ಅಂದರೆ ಮೂಲ ಕಾಯಿಲೆಗೆ ಮೊದಲು ಔಷಧ ಎಂಬ, ಕೇಳಲು ನ್ಯಾಯವೆನಿಸುವ ತರ್ಕ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಈ ರೋಗದಲ್ಲಿ ನಾಲ್ಕರಿಂದ ಆರು ವಾರ ಕಾಯುವುದು ಇಂದಿನ ನಿಯಮ. ಮಿದುಳಿನ ಪೊರೆಯ ಕ್ಷಯದಲ್ಲೂ ಹೀಗೆಯೇ, ನಾಲ್ಕರಿಂದ ಎಂಟು ವಾರ. ಮಿದುಳನ್ನು ಬಿಟ್ಟು ಬೇರೆ ಕಡೆ ಇರುವ ಕ್ಷಯದಲ್ಲಿ ಮಾತ್ರ ಎರಡು ವಾರಗಳೊಳಗೆ ಆರಂಭಿಸಬೇಕು, ಅದಕ್ಕಿಂತ ತಡಮಾಡಿದರೆ ಹೊಸ ಸೋಂಕುಗಳು ಬಂದು ಕೈಮೀರುತ್ತದೆ. ಈ ಕಾರಣದಿಂದಲೇ ತಲೆನೋವಿನ ಕಾರಣ ಇತ್ಯರ್ಥವಾಗದೆ ಎರಡು ವಾರದ ಲೆಕ್ಕ ಹಿಡಿದು ಔಷಧ ಕೊಡುವುದೂ ಸರಿಯಲ್ಲ, ಕೊಡಿ ಎಂದು ನೀವು ಒತ್ತಾಯಿಸುವುದೂ ಸರಿಯಲ್ಲ.

ಹೀಗೇಕೆ ಆಗುತ್ತದೆ? ಎಚ್‌ಐವಿ ಔಷಧ ಆರಂಭಿಸಿದ ಕೆಲವೇ ವಾರಗಳಲ್ಲಿ ವೈರಸ್ ಸಂಖ್ಯೆ ಕುಸಿದು, ಸಿಡಿ4 ಕಣಗಳು ಚೇತರಿಸಿಕೊಳ್ಳತೊಡಗುತ್ತವೆ. ಅದುವರೆಗೆ ರೋಗಾಣುಗಳು ದೇಹದ ತುಂಬ ಇದ್ದರೂ ಎದುರಿಸುವ ಶಕ್ತಿಯೇ ಇರಲಿಲ್ಲವಾದ್ದರಿಂದ ಉರಿಯೂತವೂ ಇರಲಿಲ್ಲ. ಶಕ್ತಿ ಮರಳಿದೊಡನೆ ದೇಹ ಆ ರೋಗಾಣುಗಳ ಮೇಲೆ, ಸತ್ತ ರೋಗಾಣುಗಳ ಅವಶೇಷದ ಮೇಲೂ, ಅತಿಯಾಗಿ ಎರಗುತ್ತದೆ. ಕುತ್ತಿಗೆಯ ಗಡ್ಡೆಗಳು ಏಕಾಏಕಿ ಊದಿಕೊಂಡು ಕೀವು ತುಂಬುತ್ತವೆ, ಇಳಿದಿದ್ದ ಜ್ವರ ಮತ್ತೆ ಏರುತ್ತದೆ, ಎದೆಯಲ್ಲಿ ನೀರು ತುಂಬಬಹುದು. ಇದನ್ನು ಐರಿಸ್ ಎನ್ನುತ್ತಾರೆ. ಗಡ್ಡೆಯಲ್ಲಿ ಊದಿದರೆ ನೋವಷ್ಟೇ, ಆದರೆ ತಲೆಬುರುಡೆಯೊಳಗೆ ಊತಕ್ಕೆ ಜಾಗವೇ ಇಲ್ಲ. ಮಿದುಳಿನ ಸೋಂಕುಗಳಲ್ಲಿ ಹೆಚ್ಚು ಕಾಯುವುದು ಇದಕ್ಕಾಗಿ. ನಿಮ್ಮ ತಮ್ಮನಿಗೆ ಮಾತ್ರೆ ಶುರುವಾದ ಎರಡು ಮೂರು ವಾರಗಳಲ್ಲಿ ಹೀಗೇನಾದರೂ ಕಂಡರೆ, ಮಾತ್ರೆಯಿಂದಲೇ ಹಾಳಾಯಿತು ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾತ್ರೆ ನಿಲ್ಲಿಸಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ. ಹೊಸ ಸೋಂಕಲ್ಲ, ಔಷಧ ನಿರೋಧಕ ಕ್ಷಯವಲ್ಲ ಎಂದು ಖಚಿತಪಡಿಸಿಕೊಂಡು ಅವರು ಕೆಲವು ವಾರ ಸ್ಟೆರಾಯ್ಡ್ ಕೊಡುತ್ತಾರೆ. ಸಿಡಿ4 ನೂರಕ್ಕಿಂತ ಕಡಿಮೆ ಇರುವ ಕ್ಷಯರೋಗಿಗಳಿಗೆ ಎಚ್‌ಐವಿ ಔಷಧದ ಜೊತೆಗೇ ನಾಲ್ಕು ವಾರ ಪ್ರೆಡ್ನಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟು ಇದನ್ನು ಮೊದಲೇ ತಗ್ಗಿಸಬಹುದು ಎಂದು 2018ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಅಧ್ಯಯನ ತೋರಿಸಿದೆ. ಊರಿನ ಅಂಗಡಿಯಲ್ಲಿ ಕೊಂಡು ನುಂಗುವ ಔಷಧ ಮಾತ್ರ ಇದಲ್ಲ.

ಎಚ್‌ಐವಿ ಔಷಧ ಶುರುವಾಗುವಾಗ ನೀವು ನೋಡಿಕೊಳ್ಳಬೇಕಾದ ಒಂದು ವಿವರವಿದೆ. ಎಚ್‌ಐವಿ ಔಷಧ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಈಗ ಸಿಗುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಮ್ಮೆ. ಆದರೆ ಕ್ಷಯದ ಔಷಧವಾದ ರಿಫಾಂಪಿಸಿನ್ ಡೊಲುಟೆಗ್ರಾವಿರ್ ಅನ್ನು ಯಕೃತ್ತಿನಲ್ಲಿ ಬೇಗ ಕರಗಿಸಿ ಹಾಕುವುದರಿಂದ, ಹನ್ನೆರಡು ಗಂಟೆಗಳ ನಂತರ 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಮಾತ್ರೆಯೊಂದನ್ನು ಹೆಚ್ಚುವರಿಯಾಗಿ ಕೊಡಬೇಕು. ಕ್ಷಯದ ಚಿಕಿತ್ಸೆ ಮುಗಿದು ಎರಡು ವಾರವಾಗುವವರೆಗೂ ಇದು ಮುಂದುವರಿಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್ ಇವು ಅದರೊಡನೆ ಸೇರಿದರೆ ಅದನ್ನು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ವಾರ್ಡಿನಲ್ಲಿ ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿ ಕೊಟ್ಟುಬಿಡುವ ಅಭ್ಯಾಸವಿರುವುದರಿಂದ ಸಿಸ್ಟರ್ ಬಳಿ ಕೇಳಿ ಬೇರೆ ಬೇರೆ ಹೊತ್ತಿಗೆ ಕೊಡಿ.

ಇನ್ನೊಂದು ಮಾತ್ರೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕೊಟ್ರೈಮಾಕ್ಸಜೋಲ್ ಹಳೆಯ, ಅಗ್ಗದ ಔಷಧ. ನೋಡಲು ದೊಡ್ಡದಾದ, ನುಂಗಲು ಕಿರಿಕಿರಿಯಾದ ಬಿಳಿ ಮಾತ್ರೆ. ದಿನಕ್ಕೊಂದರಂತೆ ಕೊಟ್ಟರೆ ಅದು ನ್ಯುಮೊಸಿಸ್ಟಿಸ್ ನ್ಯುಮೋನಿಯಾ, ಟಾಕ್ಸೊಪ್ಲಾಸ್ಮಾ, ಕೆಲವು ಬಗೆಯ ಭೇದಿ, ಹಲವು ಬ್ಯಾಕ್ಟೀರಿಯಾ ಸೋಂಕುಗಳು ಇಷ್ಟನ್ನೂ ತಡೆಯುತ್ತದೆ. ಜಾಂಬಿಯಾದ ಎಚ್‌ಐವಿ ಇರುವ ಮಕ್ಕಳಲ್ಲಿ ಅದೊಂದರಿಂದಲೇ ಸಾವು ಶೇ 43ರಷ್ಟು ಕಡಿಮೆಯಾದದ್ದು 2004ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಸಿಡಿ4 350ಕ್ಕಿಂತ ಕಡಿಮೆ ಇರುವವರಿಗೆ ಅದನ್ನು ಕೊಡುತ್ತಾರೆ, ಎಣಿಕೆ ಆ ಮಟ್ಟವನ್ನು ದಾಟಿ ಅಲ್ಲೇ ನಿಂತಮೇಲೆ ನಿಲ್ಲಿಸುತ್ತಾರೆ. ಬಿಡುಗಡೆಯ ಚೀಟಿಯಲ್ಲಿ ಹತ್ತು ಹೆಸರುಗಳಿದ್ದರೆ ಜನ ಮೊದಲು ಬಿಟ್ಟುಬಿಡುವುದು ಇದನ್ನೇ. ಮೈಮೇಲೆ ಗಂದೆ, ಬಾಯಿಯಲ್ಲಿ ಹುಣ್ಣು, ಕಣ್ಣು ಕೆಂಪಾಗುವುದು ಕಂಡರೆ ಮಾತ್ರ ತಕ್ಷಣ ನಿಲ್ಲಿಸಿ ತೋರಿಸಬೇಕು, ಏಕೆಂದರೆ ಇದು ಸಲ್ಫಾ ಗುಂಪಿನ ಔಷಧ. ನಿಮ್ಮ ತಮ್ಮನಿಗೆ ಶೌಚಾಲಯದವರೆಗೆ ನಡೆದರೂ ಏದುಸಿರು ಬರುತ್ತಿದ್ದು, ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕದ ಅಂಕಿ ನಡೆದಾಗ ಇಳಿಯುತ್ತಿದ್ದರೆ, ಕ್ಷಯದ ಜೊತೆಗೆ ನ್ಯುಮೊಸಿಸ್ಟಿಸ್ ಇರಬಹುದು. ಆಗ ಇದೇ ಔಷಧವನ್ನು ಎಷ್ಟೋ ಪಾಲು ಹೆಚ್ಚು ಪ್ರಮಾಣದಲ್ಲಿ 21 ದಿನ ಕೊಡಬೇಕಾಗುತ್ತದೆ.

ನಾಲಿಗೆಯ ಬಿಳಿ ಪದರ ಕ್ಯಾಂಡಿಡಾ. ನುಂಗುವಾಗ ನೋವು ಎಂದರೆ ಅದು ಅನ್ನನಾಳಕ್ಕೂ ಇಳಿದಿದೆ ಎಂದರ್ಥ. ಬಾಯಿಗೆ ಹಚ್ಚುವ ದ್ರಾವಣ ಅದಕ್ಕೆ ಸಾಲದು, ಎರಡು ಮೂರು ವಾರ ಫ್ಲುಕೊನಜೋಲ್ ಮಾತ್ರೆ ಬೇಕು. ಬಹಳ ಜನರಿಗೆ ನಾಲ್ಕೈದು ದಿನಗಳಲ್ಲೇ ಊಟ ಸೇರತೊಡಗುತ್ತದೆ. ಭೇದಿ ಇದ್ದರೆ ಮಲ ಪರೀಕ್ಷೆಯನ್ನು ವಿಶೇಷ ಬಣ್ಣ ಹಾಕಿ ನೋಡಲು ಕೇಳಬೇಕು, ಮಾಮೂಲಿ ಪರೀಕ್ಷೆಯಲ್ಲಿ ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ, ಸಿಸ್ಟೊಐಸೊಸ್ಪೊರಾ ಎಂಬ ಪರಾವಲಂಬಿಗಳು ಕಾಣುವುದಿಲ್ಲ. ಕಣ್ಣೆದುರು ಕಪ್ಪು ಚುಕ್ಕೆಗಳು ತೇಲುತ್ತಿವೆ ಎಂದರೆ ಕಣ್ಣಿನ ವೈದ್ಯರಿಗೆ ಆ ದಿನವೇ ತೋರಿಸಿ.

ಇನ್ನು ನಿಮ್ಮ ಸುರಕ್ಷತೆಯ ಪ್ರಶ್ನೆ. ಅವರ ಮೈ ಒರೆಸುವುದರಿಂದ, ತಟ್ಟೆ ಲೋಟ ಹಂಚಿಕೊಳ್ಳುವುದರಿಂದ, ಬಟ್ಟೆ ಒಗೆಯುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ ಎಚ್‌ಐವಿ ಬರುವುದಿಲ್ಲ. ಬಳಸಿದ ಸೂಜಿ ಚುಚ್ಚಿಕೊಂಡರೆ 72 ಗಂಟೆಗಳೊಳಗೆ, ಸಾಧ್ಯವಾದಷ್ಟೂ ಬೇಗ, ತಡೆ ಔಷಧ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಆ ಸೌಲಭ್ಯ ಆಸ್ಪತ್ರೆಯಲ್ಲಿರುತ್ತದೆ. ಅವಕಾಶವಾದಿ ಸೋಂಕುಗಳಲ್ಲಿ ಹೆಚ್ಚಿನವು ಆರೋಗ್ಯವಂತರನ್ನು ಏನೂ ಮಾಡುವುದಿಲ್ಲ. ಎಲ್ಲರಿಗೂ ಹರಡಬಲ್ಲದ್ದು ಮುಖ್ಯವಾಗಿ ಕ್ಷಯ, ಅದೂ ಶ್ವಾಸಕೋಶದಲ್ಲಿದ್ದರೆ. ಮಗಳನ್ನು ಸದ್ಯಕ್ಕೆ ವಾರ್ಡಿಗೆ ಕರೆತರಬೇಡಿ. ಐದು ವರ್ಷದೊಳಗಿನ ಮಗುವಾದ್ದರಿಂದ ಅವಳಿಗೆ ಕ್ಷಯ ಇಲ್ಲವೆಂದು ಪರೀಕ್ಷಿಸಿ ನೋಡಿ, ತಡೆ ಔಷಧ ಕೊಡಿಸಬೇಕು. ಕ್ಷಯ ಕಾರ್ಯಕ್ರಮದಲ್ಲಿ ಅದು ಉಚಿತವಾಗಿ ಸಿಗುತ್ತದೆ. ಕ್ಷಯರೋಗಿಯೆಂದು ನೋಂದಣಿಯಾದ ಮೇಲೆ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ನಿಮ್ಮ ತಮ್ಮನ ಖಾತೆಗೆ ಬರಬೇಕು. ಬ್ಯಾಂಕ್ ವಿವರವನ್ನು ವಾರ್ಡಿನಲ್ಲಿರುವಾಗಲೇ ಕೊಟ್ಟುಬಿಡಿ.

ನೀವು ಕೇಳದಿದ್ದರೂ ನಾನು ಹೇಳಬೇಕಾದದ್ದು, ವಾರ್ಡಿನಿಂದ ನಿಮ್ಮ ತಮ್ಮನಿಗೇ ಇರುವ ಅಪಾಯ. ದಕ್ಷಿಣ ಆಫ್ರಿಕಾದ ಕ್ವಾಜುಲು ನಟಾಲ್ ಪ್ರಾಂತ್ಯದ ಟುಗೆಲಾ ಫೆರಿ ಎಂಬ ಹಳ್ಳಿಗಾಡಿನ ಊರಿನ ಆಸ್ಪತ್ರೆಯಲ್ಲಿ 2005–06ರಲ್ಲಿ ಅತಿ ಔಷಧ ನಿರೋಧಕ ಕ್ಷಯದ 53 ರೋಗಿಗಳು ಪತ್ತೆಯಾದರು. ಅವರಲ್ಲಿ ಎಚ್‌ಐವಿ ಪರೀಕ್ಷೆಯಾಗಿದ್ದ 44 ಜನರಿಗೂ ಎಚ್‌ಐವಿ ಇತ್ತು. 53ರಲ್ಲಿ 52 ಜನ ತೀರಿಕೊಂಡರು. ಅರ್ಧಕ್ಕಿಂತ ಹೆಚ್ಚು ಜನ ಅದಕ್ಕೆ ಮೊದಲು ಎಂದೂ ಕ್ಷಯದ ಔಷಧ ತೆಗೆದುಕೊಂಡವರಲ್ಲ, ಆದರೆ ಹೆಚ್ಚಿನವರು ಹಿಂದಿನ ಎರಡು ವರ್ಷಗಳಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದವರು. ಕಫ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಕೆಮ್ಮುವವರನ್ನೂ ಸಿಡಿ4 ಕುಸಿದವರನ್ನೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಮಲಗಿಸುವುದು ಎಷ್ಟು ದುಬಾರಿ ಎಂದು ಜಗತ್ತು ಕಲಿತದ್ದು ಅಲ್ಲಿ. ಆದ್ದರಿಂದ ಕಿಟಕಿಯ ಪಕ್ಕದ ಹಾಸಿಗೆ ಕೇಳಿ, ಚಳಿಯೆಂದು ಕಿಟಕಿ ಮುಚ್ಚಬೇಡಿ, ಕೆಮ್ಮಿರುವಷ್ಟು ದಿನ ತಮ್ಮನಿಗೆ ಮಾಸ್ಕ್ ಹಾಕಿಸಿ. ಗಾಳಿಯಿಂದ ಹರಡುವ ಕ್ಷಯಕ್ಕಾಗಿ ಪ್ರತ್ಯೇಕಿಸುವುದು ಒಪ್ಪತಕ್ಕ ಕ್ರಮ, ಎಚ್‌ಐವಿ ಇದೆಯೆಂಬ ಕಾರಣಕ್ಕೆ ಮೂಲೆಗೆ ಹಾಕುವುದು ಅಲ್ಲ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಂತೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವುದು, ರೋಗಿಯ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಯಲು ಮಾಡುವುದು ನಿಷಿದ್ಧ. ಕೇಸ್ ಶೀಟಿನ ಹೊರಮೈ ಮೇಲೆ, ಹಾಸಿಗೆಯ ತಲೆಯ ಬಳಿ ಎಚ್‌ಐವಿ ಎಂಬ ಅಕ್ಷರಗಳನ್ನು ಬರೆಯುವಂತಿಲ್ಲ.

ಜ್ವರ ಇಳಿದು, ಊಟ ಸೇರಿ, ಮನೆಗೆ ಹೋಗುವ ದಿನ ಬಂದಾಗ ಕುಟುಂಬಕ್ಕೆ ನೆಮ್ಮದಿಯಾಗುವುದು ಸಹಜ. ವೈದ್ಯರಿಗೆ ಆತಂಕ ಹೆಚ್ಚುವುದು ಆಗಲೇ, ಏಕೆಂದರೆ ವಾರ್ಡಿನಿಂದ ಬಿಡುಗಡೆಯಾಗಿ ಎಆರ್‌ಟಿ ಕೇಂದ್ರವನ್ನು ತಲುಪದೆ ನಡುವೆ ಕಳೆದುಹೋಗುವವರು ಅನೇಕರು. ಬಿಡುಗಡೆಗೆ ಮೊದಲೇ ಎಆರ್‌ಟಿ ಕೇಂದ್ರದಲ್ಲಿ ನೋಂದಣಿ ಮಾಡಿಸಿ, ಮುಂದಿನ ಭೇಟಿಯ ದಿನಾಂಕವನ್ನು ಬರೆಸಿಕೊಳ್ಳಿ. ಕೇಂದ್ರ ದೂರವಾದರೆ ಊರಿನ ಹತ್ತಿರದ ಲಿಂಕ್ ಎಆರ್‌ಟಿ ಕೇಂದ್ರಕ್ಕೆ ಮುಂದೆ ವರ್ಗ ಮಾಡಿಸಿಕೊಳ್ಳಬಹುದು. ಗೊಂದಲವಾದರೆ 1097 ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ನಿಮ್ಮ ತಮ್ಮನ ಹೆಂಡತಿಯ ಎಚ್‌ಐವಿ ಪರೀಕ್ಷೆಯನ್ನು ಇದೇ ವಾರ, ಅವರ ಒಪ್ಪಿಗೆ ಪಡೆದು, ಆಸ್ಪತ್ರೆಯ ಐಸಿಟಿಸಿ ಎಂಬ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಮಾಡಿಸಿ. ಅವರಿಗೆ ಇಲ್ಲವೆಂದು ಬಂದರೆ ಮಗಳಿಗೆ ಪರೀಕ್ಷೆಯ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ, ಅವರಿಗೆ ಮಾತ್ರ ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಬೇಕು, ಕಾಂಡೋಮ್ ತಪ್ಪದೆ ಬಳಸಬೇಕು. ಇದೆ ಎಂದು ಬಂದರೆ ಮಗಳ ಪರೀಕ್ಷೆಯೂ ಆಗಬೇಕು, ಸೋಂಕು ಇದೆಯೆಂದು ಬಂದವರ ಸಿಡಿ4 ಎಷ್ಟೇ ಇರಲಿ, ಅವಕಾಶವಾದಿ ಸೋಂಕು ಬರುವ ಮೊದಲೇ ಔಷಧ ಶುರುವಾಗಬೇಕು.